ನಡೆಯುವುದು ಕಾಲು, ನೋಯುವುದು ಕೈ



ವ್ಯಾಯಾಮದ ಯಂತ್ರಗಳು ಈಗ ನಮ್ಮ ಊರುಗಳಿಗೂ ಬಂದಿವೆ. ಗೋಕಾಕ, ಹುಕ್ಕೇರಿಯಲ್ಲಷ್ಟೇ ಅಲ್ಲ, ಮೂಡಲಗಿಯಲ್ಲೂ ಹುಡುಗರು ಸಂಜೆಯಾದರೆ ಜಿಮ್ ಕಡೆ ಹೊರಡುತ್ತಾರೆ. ಜಿಮ್‌ಗೆ ಹೋಗಲಾಗದವರ ಮನೆಯ ಮೂಲೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲೋ ಟ್ರೆಡ್‌ಮಿಲ್ಲೋ ಬಂದು ಕೂತಿರುತ್ತದೆ. ಸಕ್ಕರೆ ಕಾಯಿಲೆ ಇದೆ, ದಿನಾ ನಡೆಯಿರಿ ಎಂದು ವೈದ್ಯರು ಹೇಳಿರುತ್ತಾರೆ. ಊರ ರಸ್ತೆಯಲ್ಲಿ ಬೀಸುಗಾಲು ಹಾಕಿ ನಡೆಯಲು ಹೆಣ್ಣುಮಕ್ಕಳಿಗೆ ಸಂಕೋಚ. ಊರ ಹೊರಗೆ ಹೋದರೆ ನಾಯಿಗಳ ಕಾಟ, ಕಬ್ಬಿನ ಟ್ರ್ಯಾಕ್ಟರುಗಳ ಧೂಳು. ಹೀಗಾಗಿ ದುಡಿಯುವ ಮಗ ತಾಯಿಗೆಂದು ಯಂತ್ರ ಕೊಡಿಸುತ್ತಾನೆ. ಇದು ಒಳ್ಳೆಯ ಬದಲಾವಣೆಯೇ. ಬಟ್ಟೆ ಒಣಹಾಕುವ ಗೂಟವಾಗದೆ ಆ ಯಂತ್ರ ನಿಜಕ್ಕೂ ಬಳಕೆಯಾದರೆ ಇನ್ನೂ ಒಳ್ಳೆಯದು.

ಆದರೆ ಯಂತ್ರ ಬಂದು ಎರಡು ಮೂರು ತಿಂಗಳಾಗುವಷ್ಟರಲ್ಲಿ ಕೆಲವರು ಹೊಸದೊಂದು ದೂರು ಹೊತ್ತು ದವಾಖಾನೆಗೆ ಬರುತ್ತಾರೆ. “ಹಕೀಮ್ ಸಾಹೇಬ್ರ, ರಾತ್ರಿ ಕೈ ಜೋಮು ಹಿಡಿತೈತ್ರಿ. ಝಾಡಿಸಿದ್ರ ಬಿಡತೈತಿ, ಮಲಗಿದ್ರ ಮತ್ತ ಹಿಡಿತೈತಿ” ಎನ್ನುತ್ತಾರೆ. ಕಾಲಿಗಾಗಿ, ಹೃದಯಕ್ಕಾಗಿ, ಸಕ್ಕರೆ ಇಳಿಸುವುದಕ್ಕಾಗಿ ತಂದ ಯಂತ್ರದಿಂದ ಕೈ ನೋಯಬಹುದು ಎಂದು ಅವರಿಗೆ ಹೊಳೆದಿರುವುದಿಲ್ಲ. ಯಂತ್ರದ ಮೇಲೆ ಕೈಯನ್ನು ಹೇಗೆ ಇಡುತ್ತೀರಿ ಎಂದು ನಾವು ಕೇಳದಿದ್ದರೆ ಕಾರಣ ಹೊರಬರುವುದೂ ಇಲ್ಲ.

ಈ ತಿಂಗಳ ಪಾಠದ ತಿರುಳು ಒಂದೇ ಮಾತು. ಯಂತ್ರದ ಹಿಡಿಕೆ ಇರುವುದು ಸಮತೋಲಕ್ಕೆ, ಮೈಭಾರ ಹೊರಿಸುವುದಕ್ಕಲ್ಲ. ಇದನ್ನು ತಿಳಿದುಕೊಂಡರೆ ಯಂತ್ರದಿಂದ ಬರುವ ಬಹಳಷ್ಟು ಕೈನೋವು ಬರುವ ಮೊದಲೇ ತಪ್ಪುತ್ತದೆ.

ಯುನಾನಿಯಲ್ಲಿ ವ್ಯಾಯಾಮದ ಸ್ಥಾನ

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಅನ್ನ ಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಮತ್ತು ಉಳಿಯಬೇಕಾದದ್ದು. ಇವೇ ಆ ಆರು. ಮೂರನೆಯದರಲ್ಲಿ ಚಲನೆಯನ್ನೂ ವಿಶ್ರಾಂತಿಯನ್ನೂ ಜೋಡಿಯಾಗಿ ಹೇಳಿರುವುದನ್ನು ಗಮನಿಸಿ. ಒಂದನ್ನು ಬಿಟ್ಟು ಇನ್ನೊಂದು ಔಷಧವಾಗುವುದಿಲ್ಲ.

ಇಬ್ನ್ ಸೀನಾ (980–1037) ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ವ್ಯಾಯಾಮಕ್ಕೆ, ಅಂದರೆ ರಿಯಾಝತ್‌ಗೆ, ಪ್ರತ್ಯೇಕ ಅಧ್ಯಾಯಗಳನ್ನೇ ಕೊಟ್ಟಿದ್ದಾರೆ. ವ್ಯಾಯಾಮವನ್ನು ಎಷ್ಟು ಹೊತ್ತು ಮಾಡಬೇಕು ಎಂಬುದಕ್ಕೆ ಅವರು ಗಡಿಯಾರ ತೋರಿಸುವುದಿಲ್ಲ, ದೇಹವನ್ನೇ ನೋಡಲು ಹೇಳುತ್ತಾರೆ. ಮೈಬಣ್ಣ ಕಳೆಗಟ್ಟುತ್ತಿರುವವರೆಗೆ, ಚಲನೆ ಹಗುರವಾಗಿರುವವರೆಗೆ, ಅವಯವಗಳು ತುಂಬಿಕೊಂಡಂತೆ ಕಾಣುವವರೆಗೆ ಮುಂದುವರಿಸಬಹುದು. ಇವು ಇಳಿಮುಖವಾದಾಗ ನಿಲ್ಲಿಸಬೇಕು. ವ್ಯಾಯಾಮದ ಮೊದಲು ಅವಯವಗಳನ್ನು ಸಜ್ಜುಗೊಳಿಸುವ ತಿಕ್ಕುವಿಕೆ, ನಂತರ ದಣಿವಾರಿಸುವ ತಿಕ್ಕುವಿಕೆ ಎಂದು ಎರಡು ಬಗೆಯ ದಲ್ಕ್ ಕೂಡ ಅಲ್ಲಿದೆ. ದಣಿವನ್ನಂತೂ ಅವರು ಒಂದೇ ಎಂದು ಬಗೆದಿಲ್ಲ. ಹುಣ್ಣಾದಂತೆ ನೋಯುವುದು, ಎಳೆದು ಕಟ್ಟಿದಂತಾಗುವುದು, ಊದಿ ಬಿಸಿಯಾಗುವುದು ಎಂದು ಬೇರೆ ಬೇರೆ ಗುರುತಿಸಿ, ಬೇರೆ ಬೇರೆ ಉಪಚಾರ ಹೇಳಿದ್ದಾರೆ. ಸಾವಿರ ವರ್ಷದ ಹಿಂದಿನ ಈ ವಿವೇಕ ನಮ್ಮ ಮನೆಯ ಟ್ರೆಡ್‌ಮಿಲ್‌ಗೂ ಅನ್ವಯಿಸುತ್ತದೆ. ಯಂತ್ರದ ಪರದೆ ನಿಮಿಷ ಎಣಿಸುತ್ತದೆ, ಆದರೆ ನಿಮ್ಮ ಮಣಿಕಟ್ಟು ಏನು ಹೇಳುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಕೈಯ ಒಳಗೆ ಏನಿದೆ?

ಒಂದು ಕೈಯಲ್ಲಿ 27 ಎಲುಬುಗಳಿವೆ, ಅವುಗಳಲ್ಲಿ 8 ಮಣಿಕಟ್ಟಿನವು. ಬೆರಳುಗಳನ್ನು ಮಡಿಸುವ ದೊಡ್ಡ ಸ್ನಾಯುಗಳು ಬೆರಳೊಳಗಿಲ್ಲ, ಮೊಣಕೈ ಕೆಳಗಿನ ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ನಂಬಿಕೆ ಬಾರದಿದ್ದರೆ ಒಂದು ಕೈಯಿಂದ ಇನ್ನೊಂದು ಮುಂಗೈ ಹಿಡಿದು ಮುಷ್ಟಿ ಕಟ್ಟಿ ನೋಡಿ. ಚರ್ಮದ ಕೆಳಗೆ ಸ್ನಾಯು ಹೊರಳುವುದು ತಿಳಿಯುತ್ತದೆ. ಹಿಡಿಕೆಯನ್ನು ಬಿಗಿಯಾಗಿ ಹಿಡಿದವರಿಗೆ ಮೊಣಕೈ ಹತ್ತಿರ ನೋವು ಬರುವುದು ಇದೇ ಕಾರಣಕ್ಕೆ.

ಮಣಿಕಟ್ಟಿನ ಒಳಮೈಯಲ್ಲಿ ಕಿರಿದಾದ ಒಂದು ಸುರಂಗವಿದೆ. ಅದರ ಹೆಸರು ಕಾರ್ಪಲ್ ಟನೆಲ್. ಅದರೊಳಗೆ 9 ಸ್ನಾಯುರಜ್ಜುಗಳೂ ಒಂದು ನರವೂ ಒತ್ತೊತ್ತಾಗಿ ಹಾದುಹೋಗುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುವುದು ಆ ನರವೇ. ಮಣಿಕಟ್ಟನ್ನು ಹಿಂದಕ್ಕೋ ಮುಂದಕ್ಕೋ ಬಾಗಿಸಿ ಬಹಳ ಹೊತ್ತು ಹಿಡಿದರೆ ಸುರಂಗದೊಳಗೆ ಒತ್ತಡ ಏರಿ ನರ ಅದುಮಿಹೋಗುತ್ತದೆ. ಕಿರುಬೆರಳಿನ ಕಡೆಗೆ ಹೋಗುವ ನರ ಬೇರೆ. ಅದು ಅಂಗೈಯ ಬುಡದಲ್ಲಿ, ಕಿರುಬೆರಳಿನ ಪಕ್ಕದಲ್ಲಿ ಚರ್ಮಕ್ಕೆ ಹತ್ತಿರವಾಗಿ ಸಾಗುತ್ತದೆ. ಸೈಕಲ್ಲಿನ ಹಿಡಿಕೆಗೆ ಅಂಗೈ ಒತ್ತಿ ಬಾಗಿ ಕೂತರೆ ನೇರವಾಗಿ ಅದರ ಮೇಲೇ ಭಾರ ಬೀಳುತ್ತದೆ.

ಯಾವ ಯಂತ್ರದಲ್ಲಿ ಯಾವ ತಪ್ಪು?

ಟ್ರೆಡ್‌ಮಿಲ್ಲಿನ ಕಥೆ ಜೈಲಿನಿಂದ ಶುರುವಾಗುತ್ತದೆ. 1818ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಕೈದಿಗಳಿಗೆಂದು ತುಳಿಯುವ ಚಕ್ರ ರೂಪಿಸಿದರು. ಕೈದಿಗಳು ಎದುರಿನ ಅಡ್ಡಪಟ್ಟಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅದನ್ನು ತುಳಿಯಬೇಕಿತ್ತು. ವೇಗ ಅವರ ಕೈಯಲ್ಲಿರಲಿಲ್ಲ, ಹಾಗಾಗಿ ಜೋತುಬೀಳದೆ ಗತಿಯಿರಲಿಲ್ಲ. ನಮ್ಮ ಮುಂದೆ ವೇಗ ಇಳಿಸುವ ಗುಂಡಿಯಿದೆ. ಆದರೂ ನಾವು ವೇಗ ಇಳಿಸದೆ ಹಿಡಿಕೆಗೆ ಜೋತುಬೀಳುತ್ತೇವೆ!

ಟ್ರೆಡ್‌ಮಿಲ್: ಹಿಡಿಕೆ ಬಿಗಿಹಿಡಿದು ನಡೆದರೆ ಕಾಲು ಮಾಡಬೇಕಾದ ಕೆಲಸದ ಒಂದು ಪಾಲು ಕೈಗೆ ಹೋಗುತ್ತದೆ. ಹೃದಯ ತಪಾಸಣೆಯ ಟಿಎಂಟಿ ಪರೀಕ್ಷೆಯಲ್ಲಿ ಹಿಡಿಕೆಗೆ ಜೋತುಬೀಳಬೇಡಿ ಎನ್ನುವುದೂ ಇದಕ್ಕೇ, ಇಲ್ಲದಿದ್ದರೆ ಫಲಿತಾಂಶ ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮನೆಯ ಯಂತ್ರದ ಪರದೆಯಲ್ಲೂ ಹಾಗೆಯೇ. ಇಷ್ಟು ಕ್ಯಾಲೊರಿ ಕರಗಿತು ಎಂದು ಅದು ತೋರಿಸುತ್ತದೆ, ಆದರೆ ನೀವು ಹಿಡಿಕೆಗೆ ಭಾರ ಕೊಟ್ಟದ್ದು ಆ ಲೆಕ್ಕದಲ್ಲಿ ಇರುವುದಿಲ್ಲ. ತಿಂದ ಕರದಂಟು ಕರಗಿತೆಂದು ನಾವು ಸಮಾಧಾನ ಪಡುತ್ತೇವೆ, ಅಷ್ಟೇ. ಹಿಡಿಕೆ ಬಿಟ್ಟು ನಡೆಯಲು ಆಗುತ್ತಿಲ್ಲ ಎಂದರೆ ವೇಗ ಹೆಚ್ಚಾಗಿದೆ ಅಥವಾ ಏರು ಹೆಚ್ಚಾಗಿದೆ ಎಂದೇ ಅರ್ಥ. ಎರಡನ್ನೂ ಇಳಿಸಿ. ಬೀಳುವ ಭಯವಿದ್ದರೆ ಯಂತ್ರದ ಜೊತೆ ಬರುವ ದಾರದ ಸುರಕ್ಷತಾ ಕೀಲಿಯನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಿ, ಎಡವಿದರೆ ಪಟ್ಟಿ ತಾನೇ ನಿಲ್ಲುತ್ತದೆ. ವಯಸ್ಸಾದವರು, ತಲೆಸುತ್ತು ಬರುವವರು ಹಿಡಿಕೆ ಹಿಡಿಯಲೇಬೇಕು. ಆದರೆ ಬೆರಳ ತುದಿಯನ್ನು ಮೇಲಿಟ್ಟರೆ ಸಾಕು, ಮುಷ್ಟಿ ಬೇಡ.

ಮೋಟಾರಿಲ್ಲದ ಟ್ರೆಡ್‌ಮಿಲ್: ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಹಲವರು ಇದನ್ನೇ ಕೊಳ್ಳುತ್ತಾರೆ. ಇದರ ಪಟ್ಟಿ ನಮ್ಮ ಕಾಲಿನ ಬಲದಿಂದಲೇ ತಿರುಗಬೇಕು. ಅದಕ್ಕಾಗಿ ಎದುರಿನ ಹಿಡಿಕೆಯನ್ನು ಗಾಡಿ ತಳ್ಳಿದಂತೆ ತಳ್ಳಬೇಕಾಗುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗಿ, ಅಂಗೈ ಬುಡಕ್ಕೆ ಪೂರಾ ಭಾರ ಬೀಳುತ್ತದೆ. ಈಗಾಗಲೇ ಕೈಯಲ್ಲಿ ನೋವೋ ಜೋಮೋ ಇರುವವರಿಗೆ ಇದು ತಕ್ಕದ್ದಲ್ಲ. ಅಂಗಳದಲ್ಲಿ, ಮಾಳಿಗೆಯ ಮೇಲೆ ನಡೆಯುವುದು ಇದಕ್ಕಿಂತ ಮೇಲು, ಖರ್ಚೂ ಇಲ್ಲ.

ನಿಂತಲ್ಲೇ ತುಳಿಯುವ ಸೈಕಲ್: ಸೀಟು ಎತ್ತರವಾಗಿ ಹಿಡಿಕೆ ಕೆಳಗಿದ್ದರೆ ಮೈಭಾರವೆಲ್ಲ ಕೈಮೇಲೆ ಬೀಳುತ್ತದೆ. ಪೆಡಲ್ ತೀರಾ ಕೆಳಗೆ ಬಂದಾಗ ಮಂಡಿ ಕೊಂಚ ಮಡಿದಿರುವಷ್ಟು ಸೀಟಿನ ಎತ್ತರವಿರಲಿ. ಹಿಡಿಕೆ ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಿರಲಿ. ಐದು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಿಸಿ, ನಡುನಡುವೆ ಹಿಡಿಕೆ ಬಿಟ್ಟು ನೆಟ್ಟಗೆ ಕೂತು ತುಳಿಯಿರಿ.

ಕೈಕಾಲು ಎರಡೂ ಆಡುವ ಯಂತ್ರಗಳು: ಏರ್ ಬೈಕ್, ಕ್ರಾಸ್ ಟ್ರೈನರ್ ಎಂಬ ಯಂತ್ರಗಳ ಹಿಡಿಕೆಗಳು ಹಿಂದೆ ಮುಂದೆ ಆಡುತ್ತವೆ. ಕಾಲು ದಣಿದಾಗ ಕೈಯಿಂದ ಎಳೆದು ಓಡಿಸುವುದು ಸಾಮಾನ್ಯ ಅಭ್ಯಾಸ. ತಳ್ಳುವಾಗ ಬೆರಳು ಸಡಿಲಬಿಟ್ಟು ಅಂಗೈಯಿಂದ ತಳ್ಳಿ. ಎಳೆಯುವಾಗ ಬೆರಳನ್ನು ಕೊಕ್ಕೆಯಂತೆ ಹಾಕಿದರೆ ಸಾಕು, ಹಿಂಡಬೇಡಿ. ಕಾಲು ದಣಿದರೆ ಇಳಿದುಬಿಡಿ.

ಜಿಮ್ಮಿನ ತೂಕದ ಯಂತ್ರಗಳು: ಇದು ಹುಡುಗರಿಗೆ ಹೇಳುವ ಮಾತು. ತೂಕ ಎಳೆಯುವಾಗಲೂ ಎತ್ತುವಾಗಲೂ ಮಣಿಕಟ್ಟು ಮುಂಗೈಯ ನೇರಕ್ಕೇ ಇರಬೇಕು. ಮಣಿಕಟ್ಟು ಬಾಗುತ್ತಿದೆ ಎಂದರೆ ತೂಕ ನಿಮ್ಮ ಯೋಗ್ಯತೆಗಿಂತ ಹೆಚ್ಚಾಗಿದೆ. ಬೆವರಿಗೆ ಕೈ ಜಾರಿದಾಗ ನಮಗೆ ಗೊತ್ತಿಲ್ಲದೆಯೇ ಹಿಡಿತ ಇಮ್ಮಡಿ ಬಿಗಿಯಾಗುತ್ತದೆ. ಪಕ್ಕದಲ್ಲಿ ಒಂದು ಕೈವಸ್ತ್ರ ಇಟ್ಟುಕೊಳ್ಳಿ. ನಮ್ಮ ಭಾಗದ ಗರಡಿಮನೆಗಳಲ್ಲಿ ಉಸ್ತಾದರು ಹೊಸ ಹುಡುಗನ ಕೈಗೆ ಮೊದಲ ದಿನವೇ ದೊಡ್ಡ ಗದೆ ಕೊಡುವುದಿಲ್ಲ. ಜಿಮ್ಮಿನಲ್ಲಿ ತಡೆಯುವ ಉಸ್ತಾದರಿಲ್ಲದಿದ್ದರೆ ನಮಗೆ ನಾವೇ ಉಸ್ತಾದರಾಗಬೇಕು.

ಕೈಯ ದಿನದ ಲೆಕ್ಕ

ನಮ್ಮದು ಕೈಯಿಂದ ದುಡಿದು ಬದುಕುವ ನಾಡು. ಗೋಕಾಕ ಫಾಲ್ಸಿನ ನೂಲಿನ ಗಿರಣಿ, ಗೋಕಾಕದ ಮರದ ಬೊಂಬೆ, ಘಟಪ್ರಭಾ ದಂಡೆಯ ಕಬ್ಬಿನ ಗದ್ದೆ, ಹೊಲಿಗೆ ಯಂತ್ರ, ಗ್ಯಾರೇಜು, ಮಾಂಸದ ಅಂಗಡಿ, ಎಲ್ಲ ಕಡೆಯೂ ದುಡಿಯುವುದು ಕೈ. ಹಾಗಾಗಿ ಯಂತ್ರದ ಇಪ್ಪತ್ತು ನಿಮಿಷವನ್ನು ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ.

ಒಬ್ಬ ಗೃಹಿಣಿಯ ದಿನವನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಹಿಟ್ಟು ನಾದಿ ಹದಿನೈದು ಇಪ್ಪತ್ತು ಜೋಳದ ರೊಟ್ಟಿ ಬಡಿಯಬೇಕು. ಆಮೇಲೆ ಬಟ್ಟೆ ತಿಕ್ಕಿ ಹಿಂಡಬೇಕು. ಮಧ್ಯಾಹ್ನ ಹೊಲಿಗೆ, ಕತ್ತರಿ. ನಡುವೆ ಮಗುವನ್ನು ಎತ್ತಿಕೊಳ್ಳುವುದು. ರಾತ್ರಿ ಮಲಗುವ ಮುನ್ನ ಹೆಬ್ಬೆರಳಿನಿಂದ ಮೊಬೈಲ್ ಉಜ್ಜುವುದು. ಇಷ್ಟಾದ ಮೇಲೆ ಸಂಜೆ ಅದೇ ಕೈ ಸೈಕಲ್ಲಿನ ಹಿಡಿಕೆಯನ್ನು ಅರ್ಧ ಗಂಟೆ ಹಿಂಡುತ್ತದೆ. ಇನ್ನು ದಿನವೂ ಮೂಡಲಗಿಯಿಂದ ಗೋಕಾಕಕ್ಕೆ ಬೈಕಿನಲ್ಲಿ ಓಡಾಡುವ ಹುಡುಗ ಕ್ಲಚ್, ಬ್ರೇಕ್, ಎಕ್ಸಿಲೇಟರ್ ಹಿಡಿದೇ ಜಿಮ್ ಮುಟ್ಟುತ್ತಾನೆ. ಇವರಿಬ್ಬರ ಕೈಗೆ ಬಿಡುವು ಯಾವಾಗ? ಯಂತ್ರ ಕೇವಲ ಕೊನೆಯ ಹೊರೆ. ಆದರೆ ನಾವು ಸುಲಭವಾಗಿ ಇಳಿಸಬಹುದಾದ ಹೊರೆಯೂ ಅದೇ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಾಗದು, ಹಿಡಿಕೆ ಹಿಂಡುವುದನ್ನು ಇಂದೇ ನಿಲ್ಲಿಸಬಹುದು.

ಸಕ್ಕರೆ ಕಾಯಿಲೆ ಇರುವವರು, ಥೈರಾಯ್ಡ್ ಕಡಿಮೆ ಇರುವವರು, ಗರ್ಭಿಣಿಯರು ಹೆಚ್ಚು ಎಚ್ಚರವಾಗಿರಬೇಕು. ಇವರಿಗೆ ಮಣಿಕಟ್ಟಿನ ನರ ಅದುಮಿಹೋಗುವುದು ಉಳಿದವರಿಗಿಂತ ಹೆಚ್ಚು. ನಡೆಯಿರಿ ಎಂಬ ಸಲಹೆ ಸಿಗುವುದೂ ಹೆಚ್ಚಾಗಿ ಸಕ್ಕರೆ ಕಾಯಿಲೆಯವರಿಗೇ ಎಂಬುದನ್ನು ನೆನಪಿಡಿ.

ನೋವಿನ ಭಾಷೆ

ನೋವು ಎಲ್ಲಿ, ಯಾವಾಗ ಬರುತ್ತದೆ ಎಂಬುದರಿಂದಲೇ ಅರ್ಧ ರೋಗ ತಿಳಿಯುತ್ತದೆ.

1. ಹೆಬ್ಬೆರಳಿನಿಂದ ಉಂಗುರ ಬೆರಳಿನವರೆಗೆ ಜೋಮು, ರಾತ್ರಿ ಎಚ್ಚರವಾಗುವುದು, ಕೈ ಝಾಡಿಸಿದರೆ ಬಿಡುವುದು: ಇದು ಮಣಿಕಟ್ಟಿನ ಸುರಂಗದಲ್ಲಿ ನರ ಅದುಮಿದ ಗುರುತು. ಎರಡೂ ಕೈಗಳ ಹಿಂಭಾಗವನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿ ಒಂದು ನಿಮಿಷ ಹಿಡಿಯಿರಿ. ಅಷ್ಟರಲ್ಲಿ ಜೋಮು ಬಂದರೆ ಅನುಮಾನ ಬಲವಾಗುತ್ತದೆ.

2. ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳಿಗೆ ಜೋಮು: ಸೈಕಲ್ ಹಿಡಿಕೆಗೆ ಅಂಗೈ ಬುಡ ಒತ್ತಿ ಕೂರುವವರಲ್ಲಿ ಕಾಣುತ್ತದೆ.

3. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವು: 1895ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವರ್ವೇನ್ ವಿವರಿಸಿದ್ದರಿಂದ ಈ ಬಾಧೆಗೆ ಅವರದೇ ಹೆಸರಿದೆ. ಬಟ್ಟೆ ಹಿಂಡುವಾಗ, ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತುವಾಗ ಚಳಕು ಹೊಡೆಯುತ್ತದೆ.

4. ಬೆರಳು ಮಡಿಸಿದರೆ ಸಿಕ್ಕಿಕೊಂಡು, ಬಿಡಿಸುವಾಗ ಟಕ್ಕೆನ್ನುವುದು: ಬೆಳಗಿನ ಹೊತ್ತು ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯ.

5. ಮೊಣಕೈಯ ಹೊರಬದಿಯ ನೋವು: ಹಿಡಿತದ ಸ್ನಾಯು ದಣಿದ ಲಕ್ಷಣ. ನೀರು ತುಂಬಿದ ತಂಬಿಗೆ ಎತ್ತಿದರೂ ನೋಯುತ್ತದೆ.

ಇವುಗಳಲ್ಲಿ ಮೊದಲನೆಯದನ್ನು ತಿಂಗಳುಗಟ್ಟಲೆ ಅಲಕ್ಷಿಸಿದವರ ಹೆಬ್ಬೆರಳ ಬುಡದ ದಿಂಡು ನಿಧಾನವಾಗಿ ಕರಗುತ್ತದೆ. ಎರಡೂ ಅಂಗೈಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದರಲ್ಲಿ ತಗ್ಗು ಕಾಣುತ್ತದೆ. ಗುಂಡಿ ಹಾಕಲು, ಸೂಜಿಗೆ ದಾರ ಪೋಣಿಸಲು ಕಷ್ಟವಾಗುತ್ತದೆ. ಲೋಟ ಕೈಜಾರುತ್ತದೆ. ಇಷ್ಟಾದ ಮೇಲೆ ಚಿಕಿತ್ಸೆ ಮಾಡಿದರೂ ಹೋದ ಬಲ ಪೂರ್ತಿ ಬರುತ್ತದೆಂಬ ಭರವಸೆ ಇಲ್ಲ. ಹೊಲಿದು ಬದುಕುವ ಹೆಣ್ಣುಮಗಳಿಗೆ ಇದು ಕೇವಲ ಕೈನೋವಲ್ಲ, ಅನ್ನದ ಪ್ರಶ್ನೆ. ಆದ್ದರಿಂದ ಜೋಮು ಎರಡು ಮೂರು ವಾರ ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಹಗಲಿಡೀ ಜೋಮು ಇದ್ದರೆ, ಹಿಡಿತ ಕುಂದಿದ್ದರೆ ಅಷ್ಟೂ ಕಾಯಬೇಡಿ.

ಕೈಯದಲ್ಲದ ಕೈನೋವು

ಈ ಭಾಗವನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಯಂತ್ರದ ಮೇಲೆ ನಡೆಯುವಾಗ ಎಡಗೈಯೋ ಎರಡೂ ಕೈಗಳೋ ಭಾರವಾಗಿ, ಜೊತೆಗೆ ಎದೆ ಹಿಂಡಿದಂತೆ, ದವಡೆ ಬಿಗಿದಂತೆ, ತಣ್ಣನೆ ಬೆವರು, ಉಸಿರು ಕಟ್ಟುವುದು ಕಂಡರೆ ಅದು ಹಿಡಿಕೆಯ ನೋವಲ್ಲ, ಹೃದಯದ ಕೂಗು. ನಿಂತರೆ ಕಡಿಮೆಯಾಗಿ ಮತ್ತೆ ನಡೆದರೆ ಬರುವ ನೋವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ಎದೆನೋವು ಸ್ಪಷ್ಟವಾಗಿ ಕಾಣದೆ ಬರೀ ಸುಸ್ತು, ಉಬ್ಬಸ, ಕೈಭಾರ ಮಾತ್ರ ಇರಬಹುದು. ಹಾಗೆಯೇ ಇದ್ದಕ್ಕಿದ್ದಂತೆ ಒಂದು ಕೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಲಕ್ವದ ಸೂಚನೆ. ಇಂಥ ಹೊತ್ತಿನಲ್ಲಿ ಎಣ್ಣೆ ತಿಕ್ಕುತ್ತಾ, ಗ್ಯಾಸ್ ಇರಬೇಕೆಂದು ಸೋಡಾ ಕುಡಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಮಾಡಬೇಕಾದದ್ದು

ಸಾಧಾರಣ ಕೈದಣಿವಿಗೆ ಮೊದಲ ಔಷಧ ಕಾರಣವನ್ನು ತೆಗೆಯುವುದು. ಎರಡು ಮೂರು ವಾರ ಹಿಡಿಕೆ ಇಲ್ಲದೆ ನಡೆಯಿರಿ. ವ್ಯಾಯಾಮ ನಿಲ್ಲಿಸಬೇಕಿಲ್ಲ, ಕೈಯ ಕೆಲಸ ನಿಲ್ಲಿಸಿದರೆ ಸಾಕು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ನಿಮಿಷಗಳನ್ನು ಯಂತ್ರದ ಮೇಲೇ ತುಂಬಿಸಬೇಕೆಂಬ ನಿಯಮವಿಲ್ಲ.

ರಾತ್ರಿ ಜೋಮು ಬರುವವರಿಗೆ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಎಂಬ ಪಟ್ಟಿ ಬಹಳ ಉಪಕಾರಿ. ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಬಿಗಿಯಾಗಿ ಕಟ್ಟಬೇಡಿ, ಮಣಿಕಟ್ಟು ಬಾಗದಿದ್ದರೆ ಸಾಕು. ರಾತ್ರಿ ಕಟ್ಟಿಕೊಂಡು ಮಲಗಿ, ಫಜ್ರ್‌ನ ವುಝೂಗೆ ಬಿಚ್ಚಿಡಿ.

ಊತ, ಬಿಸಿ ಇದ್ದರೆ ಮೊದಲ ಎರಡು ದಿನ ತಣ್ಣೀರ ಬಟ್ಟೆ. ಆಮೇಲೆ ಬಿಗಿತವಷ್ಟೇ ಉಳಿದರೆ ಉಗುರುಬೆಚ್ಚಗಿನ ಶಾಖ, ಇದನ್ನು ನಾವು ತಕ್ಮೀದ್ ಎನ್ನುತ್ತೇವೆ. ರೋಗನ್ ಬಾಬೂನಾ ಅಥವಾ ರೋಗನ್ ಗುಲ್‌ನಂಥ ಎಣ್ಣೆಯನ್ನು ಮುಂಗೈ ಸ್ನಾಯುಗಳಿಗೆ ಹಗುರವಾಗಿ ತಿಕ್ಕಬಹುದು. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಐದು ನಿಮಿಷ ಸಾಕು.

ದಿನಕ್ಕೆ ಎರಡು ಬಾರಿ ಈ ಮೂರು ಚಲನೆ ಮಾಡಿ. ಒಂದು, ಐದೂ ಬೆರಳು ಅಗಲಿಸಿ ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಎರಡು, ಮೊಣಕೈ ನೇರವಿಟ್ಟು, ಅಂಗೈ ಕೆಳಮುಖ ಮಾಡಿ, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಮೆಲ್ಲಗೆ ಕೆಳಗೆ ಬಾಗಿಸಿ ಹದಿನೈದು ಎಣಿಸುವುದು, ಮೂರು ಸಲ. ಜೋಮು ಇರುವವರು ಇದನ್ನು ಬಿಡಬೇಕು. ಮೂರು, ಬೆರಳು ನೆಟ್ಟಗೆ, ನಂತರ ಕೊಕ್ಕೆಯಂತೆ, ನಂತರ ಸಡಿಲ ಮುಷ್ಟಿ, ಮತ್ತೆ ನೆಟ್ಟಗೆ, ಹೀಗೆ ಹತ್ತು ಸಲ. ನೋವು ಹೆಚ್ಚಾದರೆ ನಿಲ್ಲಿಸಿ.

ಯಂತ್ರಕ್ಕೆ ಮರಳುವಾಗ ಹತ್ತು ನಿಮಿಷದಿಂದ ಶುರು ಮಾಡಿ. ಮರುದಿನ ಬೆಳಿಗ್ಗೆ ಕೈ ಹಗುರವಾಗಿದ್ದರೆ ವಾರಕ್ಕೆ ಕೆಲವೇ ನಿಮಿಷ ಏರಿಸುತ್ತ ಹೋಗಿ. ಬೆಳಿಗ್ಗೆಯೂ ನೋವು ಉಳಿದಿದ್ದರೆ ನಿನ್ನೆಯದು ಹೆಚ್ಚಾಯಿತು ಎಂದು ತಿಳಿಯಿರಿ. ಚಿಕ್ಕದಾದರೂ ಬಿಡದೆ ಮಾಡುವ ಕೆಲಸ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಅರ್ಥದ ಪ್ರವಾದಿ(ಸ)ರ ಮಾತು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ವ್ಯಾಯಾಮಕ್ಕೂ ಇದಕ್ಕಿಂತ ಒಳ್ಳೆಯ ನಿಯಮ ಸಿಗದು.

ಮಾಡಬಾರದ್ದು

ನೋವಿನ ಗುಳಿಗೆ ನುಂಗಿ ಯಂತ್ರ ಹತ್ತಬೇಡಿ. ಗುಳಿಗೆ ನೋವನ್ನು ಮುಚ್ಚುತ್ತದೆ, ನರದ ಮೇಲಿನ ಒತ್ತಡವನ್ನು ತೆಗೆಯುವುದಿಲ್ಲ.

ಜೋಮು ಹಿಡಿದ ಕೈಯನ್ನು ಬಲವಾಗಿ ತಿಕ್ಕಿಸಬೇಡಿ, ಎಳೆಸಿ ನೆಟಿಕೆ ತೆಗೆಸಬೇಡಿ. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ, ಶಾಖ ಕೊಟ್ಟರೆ ಸುಟ್ಟುಕೊಳ್ಳುವ ಭಯವಿದೆ. ಸಕ್ಕರೆ ಕಾಯಿಲೆಯವರಿಗೆ ಅಂಥ ಗಾಯ ಬೇಗ ಮಾಯುವುದಿಲ್ಲ.

ಸುರಂಜಾನ್ ಸೇರಿದ ಗುಳಿಗೆ, ಮಾಜೂನುಗಳನ್ನು ಕೀಲುನೋವಿಗೆ ಒಳ್ಳೆಯದಂತೆ ಎಂದು ಕೇಳಿ ತಂದು ತಿನ್ನಬೇಡಿ. ಅದು ತೀಕ್ಷ್ಣ ಔಷಧ. ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ಅದನ್ನು ಮುಟ್ಟಬಾರದು. ಯುನಾನಿ ಎಂದರೆ ಅಪಾಯವಿಲ್ಲ ಎಂಬ ನಂಬಿಕೆ ತಪ್ಪು.

ಹಿಜಾಮಾ ಬಗ್ಗೆಯೂ ಒಂದು ಮಾತು. ಅದು ಸುನ್ನತ್‌ನಲ್ಲಿ ಬಂದ ಚಿಕಿತ್ಸೆ, ಗೌರವಿಸೋಣ. ಗೌರವಿಸುವುದೆಂದರೆ ಕಲಿತವರ ಕೈಯಲ್ಲಿ, ಶುದ್ಧ ಸಲಕರಣೆಯಿಂದ, ಸರಿಯಾದ ಜಾಗದಲ್ಲಿ ಮಾಡಿಸುವುದು. ಮಣಿಕಟ್ಟಿನ ಒಳಮೈಯಲ್ಲಿ ನರವೂ ರಕ್ತನಾಳಗಳೂ ಚರ್ಮದ ಕೆಳಗೇ ಇವೆ. ಅಲ್ಲಿ ಬ್ಲೇಡು ಆಡಿಸಲು ಯಾರಿಗೂ ಬಿಡಬೇಡಿ.

ನರ ಹೆಚ್ಚು ಅದುಮಿದೆ ಎಂದು ಕಂಡರೆ ನರದ ವೇಗ ಅಳೆಯುವ ಪರೀಕ್ಷೆ ಬೇಕಾಗುತ್ತದೆ. ಬೆಳಗಾವಿಯ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಮಾಡುತ್ತಾರೆ. ಕೆಲವರಿಗೆ ಸಣ್ಣ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ. ಯುನಾನಿ ವೈದ್ಯನಾಗಿ ನಾನಿದನ್ನು ಹಿಂಜರಿಯದೆ ಹೇಳುತ್ತೇನೆ. ಎಣ್ಣೆಯಿಂದ ಆಗದ್ದಕ್ಕೆ ಎಣ್ಣೆ ತಿಕ್ಕುತ್ತ ಕಾಲ ಕಳೆಯುವುದು ರೋಗಿಗೆ ಮಾಡುವ ಅನ್ಯಾಯ.

ನಮಾಝ್ ಮತ್ತು ಕೈ

ಸಜ್ದಾದಲ್ಲಿ ನೆಲ ಮುಟ್ಟಬೇಕಾದ ಏಳು ಅವಯವಗಳಲ್ಲಿ ಎರಡು ನಮ್ಮ ಕೈಗಳು. ಮಣಿಕಟ್ಟು ನೋಯುವವರಿಗೆ ನೋವು ಹೆಚ್ಚಾಗುವುದು ಸಜ್ದಾಕ್ಕೆ ಹೋಗುವಾಗ ಮತ್ತು ಏಳುವಾಗ, ಏಕೆಂದರೆ ಆಗ ಮೈಭಾರ ಬಾಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ಭಾರವನ್ನು ಮಂಡಿ ಮತ್ತು ತೊಡೆಗೆ ಕೊಟ್ಟು ನಿಧಾನವಾಗಿ ಇಳಿಯಿರಿ, ಏಳುವಾಗ ಕೈಯನ್ನು ತೊಡೆಯ ಮೇಲಿಟ್ಟು ಏಳಿ. ಅಷ್ಟೂ ಆಗದಿದ್ದರೆ ಶರೀಅತ್‌ನಲ್ಲಿ ರೋಗಿಗೆ ಸೌಲಭ್ಯವಿದೆ, ನಿಮ್ಮ ಆಲಿಮರನ್ನು ಕೇಳಿ. ವುಝೂ ಮಾಡುವಾಗ ಬಿಗಿಯಾದ ನಲ್ಲಿಯನ್ನು ದಿನಕ್ಕೆ ಐದು ಸಲ ತಿರುಚುವುದೂ ಕೈಗೆ ಹೊರೆಯೇ. ಹಳೆಯ ನಲ್ಲಿ ಬದಲಿಸಿ ಹಿಡಿ ಎತ್ತಿದರೆ ನೀರು ಬರುವಂಥದ್ದು ಹಾಕಿಸಿದರೆ ಮನೆಯ ಹಿರಿಯರಿಗೆಲ್ಲ ಉಪಕಾರ.

ರಮಝಾನ್‌ನಲ್ಲಿ ಉಪವಾಸದ ಹೊತ್ತು ಯಂತ್ರದ ಮೇಲೆ ಬೆವರು ಹರಿಸುವುದು ಬೇಡ. ಇಫ್ತಾರ್ ಆಗಿ ಒಂದೆರಡು ಗಂಟೆ ಕಳೆದ ಮೇಲೆ, ನೀರು ಕುಡಿದು, ಹಗುರವಾಗಿ ನಡೆದರೆ ಸಾಕು.

ಮಕ್ಕಳ ಕೈ

ಟ್ರೆಡ್‌ಮಿಲ್ ಇರುವ ಮನೆಯಲ್ಲಿ ಮಕ್ಕಳ ಕೈಗೆ ಇನ್ನೊಂದು ಅಪಾಯವಿದೆ. ಓಡುವ ಪಟ್ಟಿಗೆ ಅಂಗೈ ತಾಗಿದರೆ ಉಜ್ಜಿದ ಬಿಸಿಗೆ ಚರ್ಮ ಸುಟ್ಟುಹೋಗುತ್ತದೆ. ಹಿಂಬದಿಯ ಸಂದಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ಮಗುವಿನ ಸಾವು ಮತ್ತು ಹಲವು ಗಾಯಗಳ ನಂತರ ಒಂದು ಮಾದರಿಯ ಸುಮಾರು 1,25,000 ಟ್ರೆಡ್‌ಮಿಲ್‌ಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಯಂತ್ರ ಓಡುವಾಗ ಮಕ್ಕಳು ಆ ಕೋಣೆಯಲ್ಲಿರಬಾರದು. ಬಳಸಿದ ಮೇಲೆ ಸುರಕ್ಷತಾ ಕೀಲಿ ತೆಗೆದು ಎತ್ತರದಲ್ಲಿಡಿ, ಪ್ಲಗ್ ಕೀಳಿ. ದುಪಟ್ಟಾ, ಬುರ್ಖಾದ ಅಂಚು ಪಟ್ಟಿಗೆ ಸಿಕ್ಕದಂತೆ ಕಟ್ಟಿಕೊಂಡೇ ಯಂತ್ರ ಹತ್ತಿ.

ಮನೆಮಂದಿ ಕೂಡಿ ಕೇಳಿಕೊಳ್ಳಿ

1. ಹಿಡಿಕೆ ಬಿಟ್ಟು ನಾನು ಇದೇ ವೇಗದಲ್ಲಿ ನಡೆಯಬಲ್ಲೆನೇ?
2. ಯಂತ್ರದ ಮೇಲೆ ನನ್ನ ಮಣಿಕಟ್ಟು ನೇರವಾಗಿದೆಯೇ, ಬಾಗಿದೆಯೇ? ಮನೆಯವರೊಬ್ಬರು ಪಕ್ಕದಿಂದ ನೋಡಿ ಹೇಳಲಿ.
3. ರಾತ್ರಿ ಜೋಮಿನಿಂದ ಎಚ್ಚರವಾಗುತ್ತಿದೆಯೇ? ಎಷ್ಟು ದಿನದಿಂದ?
4. ನನ್ನ ಎರಡೂ ಹೆಬ್ಬೆರಳ ಬುಡ ಒಂದೇ ರೀತಿ ತುಂಬಿಕೊಂಡಿವೆಯೇ?
5. ಮನೆಯ ಹೆಣ್ಣುಮಕ್ಕಳು ಕೈನೋವು ಎಂದಾಗ ನಾವು ಕಿವಿಗೊಟ್ಟಿದ್ದೇವೆಯೇ, ಇಲ್ಲಾ ರೊಟ್ಟಿ ಬಡಿದರೆ ಎಲ್ಲರಿಗೂ ನೋಯುತ್ತದೆ ಎಂದು ಸುಮ್ಮನಾಗಿದ್ದೇವೆಯೇ?

ನಿರಂತರ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ದೇಹ ದಂಡಿಸುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ, ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ತಿಳಿಹೇಳಿದ್ದನ್ನು ಬುಖಾರಿಯಲ್ಲಿ ಕಾಣುತ್ತೇವೆ. ಆ ಹಕ್ಕಿನಲ್ಲಿ ಕಾಲಿನ ಪಾಲಿದ್ದಂತೆ ಕೈಯ ಪಾಲೂ ಇದೆ. ಇವತ್ತು ಸಂಜೆ ಯಂತ್ರ ಹತ್ತಿದಾಗ ವೇಗವನ್ನು ಒಂದು ಹಂತ ಇಳಿಸಿ, ಮುಷ್ಟಿ ಬಿಚ್ಚಿ, ಭುಜ ಸಡಿಲಬಿಟ್ಟು, ಕೈ ಬೀಸಿ ನಡೆಯಿರಿ.